ಬಾಗಲಕೋಟೆ ಜಿಲ್ಲೆಯಲ್ಲಿ ಹಿರಿಯ ವಯಸ್ಸಿನವರ ವಿಶ್ವವಿದ್ಯಾಲಯ ಶಿಕ್ಷಣ

ಓದನ್ನು ನಡುವೆಯೇ ಬಿಟ್ಟವರು, ಅಥವಾ ಒಂದು ಪದವಿ ಮುಗಿಸಿ ಉದ್ಯೋಗ ಹಾಗೂ ಸಂಸಾರದಲ್ಲಿ ತೊಡಗಿದವರು, ಹಲವು ವರ್ಷಗಳ ನಂತರ ಮತ್ತೆ ಪದವಿ, ಸ್ನಾತಕೋತ್ತರ ಪದವಿ ಅಥವಾ ಸಂಶೋಧನೆಗೆ ಸೇರುವುದನ್ನು ಹಿರಿಯ ವಯಸ್ಸಿನವರ ವಿಶ್ವವಿದ್ಯಾಲಯ ಶಿಕ್ಷಣ ಎನ್ನಬಹುದು. ಇಂಥವರಿಗೆ ನಿಶ್ಚಿತವಾದ ವಯೋಮಾನವಿಲ್ಲ. ಕಾಲೇಜಿನ ಸಾಮಾನ್ಯ ವಯಸ್ಸನ್ನು ದಾಟಿದ ಇಪ್ಪತ್ತೈದರ ಗೃಹಿಣಿಯೂ ನಿವೃತ್ತಿಯ ನಂತರ ಎಂ.ಎ. ಓದುವ ಅಧ್ಯಾಪಕರೂ ಇದರಲ್ಲಿ ಸೇರುತ್ತಾರೆ. ಉತ್ತರ ಕರ್ನಾಟಕದ ಬಾಗಲಕೋಟೆ ಜಿಲ್ಲೆಯ, ವಿಶೇಷವಾಗಿ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪಟ್ಟಣಗಳ ಸುತ್ತಲಿನ ಸ್ಥಿತಿಯನ್ನು ಈ ಲೇಖನ ವಿವರಿಸುತ್ತದೆ. ಈ ಭಾಗದಲ್ಲಿ ಹಿರಿಯರು ಮರಳುವುದು ಬಹುಮಟ್ಟಿಗೆ ತರಗತಿಗಲ್ಲ, ಪರೀಕ್ಷೆಗೆ. ಅವರನ್ನು ತಡೆಯುವುದು ವಯಸ್ಸಿನ ನಿಯಮಕ್ಕಿಂತ ಹೆಚ್ಚಾಗಿ ದೂರ, ಹಾಜರಾತಿ, ದಾಖಲೆಪತ್ರಗಳು ಮತ್ತು ಪದವಿಯ ಮಾನ್ಯತೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಂದಿನ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ, ಸಾಕ್ಷರತೆ ಸುಮಾರು ಶೇ. 69. ಪುರುಷರ ಸಾಕ್ಷರತೆ ಶೇ. 79ರ ಆಸುಪಾಸಿನಲ್ಲಿದ್ದರೆ ಮಹಿಳೆಯರದು ಶೇ. 58ರ ಆಸುಪಾಸಿನಲ್ಲಿತ್ತು. ಈ ಅಂತರವನ್ನು ಗಮನಿಸಿದರೆ, ಓದಿಗೆ ಮರಳುವವರ ಪ್ರಶ್ನೆ ಇಲ್ಲಿ ಬಹುಪಾಲು ಮಹಿಳೆಯರ ಪ್ರಶ್ನೆಯೂ ಹೌದು ಎಂಬುದು ತಿಳಿಯುತ್ತದೆ.

ಜಿಲ್ಲೆಯಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಬೀಳೂರು ಗುರುಬಸವ ಮಹಾಸ್ವಾಮಿಗಳ ಪ್ರೇರಣೆಯಿಂದ 1906ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಬಾಗಲಕೋಟೆಯಲ್ಲಿ ಕಲಾ, ವಿಜ್ಞಾನ, ವಾಣಿಜ್ಯ, ಕಾನೂನು, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತದೆ. ಇಳಕಲ್‌ನಲ್ಲಿ ಶ್ರೀ ವಿಜಯ ಮಹಾಂತೇಶ ಕಾಲೇಜು, ಹುನಗುಂದದಲ್ಲಿ ವಿ.ಎಂ.ಎಸ್.ಆರ್. ವಸ್ತ್ರದ ಕಾಲೇಜು, ಬಾದಾಮಿಯಲ್ಲಿ ಶ್ರೀ ವೀರಪುಲಕೇಶಿ ಮತ್ತು ಕಾಳಿದಾಸ ಸಂಸ್ಥೆಗಳು ಇವೆ. ಇವುಗಳ ಜೊತೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಬಾಗಲಕೋಟೆಯಲ್ಲಿಯೇ ಇದೆ. ಆದರೆ ಅಲ್ಲಿನ ಪದವಿ ಪ್ರವೇಶ ಪರೀಕ್ಷೆಯ ಮೂಲಕ ಸೇರುವ ಪೂರ್ಣಾವಧಿಯ ಕೋರ್ಸ್ ಆಗಿರುವುದರಿಂದ ನಲವತ್ತರ ರೈತನೊಬ್ಬನಿಗೆ ಅದು ಹತ್ತಿರವಿದ್ದೂ ದೂರವೇ.

ಬದಲಾಗುತ್ತ ಬಂದಿರುವುದು ಈ ಕಾಲೇಜುಗಳ ಮೇಲಿನ ವಿಶ್ವವಿದ್ಯಾಲಯ. 1949ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಈ ಪ್ರದೇಶವು 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿತು. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೊಸ ವಿಶ್ವವಿದ್ಯಾಲಯಗಳಲ್ಲಿ ಜಮಖಂಡಿಯನ್ನು ಕೇಂದ್ರವಾಗಿ ಹೊಂದಿದ ಬಾಗಲಕೋಟೆ ವಿಶ್ವವಿದ್ಯಾಲಯವೂ ಒಂದು. ಹೀಗೆ ಆರಂಭವಾದ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮುಂದುವರಿಸುವುದು ಆರ್ಥಿಕವಾಗಿ ಕಷ್ಟವೆಂಬ ಅಭಿಪ್ರಾಯವನ್ನು ಸಚಿವ ಸಂಪುಟದ ಉಪಸಮಿತಿಯೊಂದು 2025ರ ಫೆಬ್ರುವರಿಯಲ್ಲಿ ವ್ಯಕ್ತಪಡಿಸಿತು. ಮಹಿಳೆಯರಿಗೆ ಇವುಗಳ ಹೊರತಾಗಿ 2003ರಲ್ಲಿ ಸ್ಥಾಪನೆಯಾದ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಹದಿನೆಂಟರ ವಿದ್ಯಾರ್ಥಿಗೆ ಈ ಬದಲಾವಣೆಗಳು ಅಂಕಪಟ್ಟಿಯ ಮೇಲಿನ ಹೆಸರು ಮಾತ್ರ. ತೊಂಬತ್ತರ ದಶಕದಲ್ಲಿ ಬಿ.ಎ. ಎರಡನೆಯ ವರ್ಷಕ್ಕೆ ಓದು ನಿಲ್ಲಿಸಿ ಈಗ ಮುಂದುವರಿಸಬಯಸುವವರಿಗೆ ಅದು ಮೊದಲ ತೊಡಕು. ಅವರ ಹಳೆಯ ಅಂಕಗಳು ಧಾರವಾಡದಲ್ಲಿ, ಹತ್ತಿರದ ಕಾಲೇಜು ಬೇರೊಂದು ವಿಶ್ವವಿದ್ಯಾಲಯದಲ್ಲಿ, ಅವರು ಓದಿದ್ದ ಪಠ್ಯಕ್ರಮ ಎಲ್ಲಿಯೂ ಇಲ್ಲ. ಇಂಥ ಬಹುತೇಕರು ಕೊನೆಗೆ ಪಿಯುಸಿ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಮೊದಲ ವರ್ಷದಿಂದಲೇ ಆರಂಭಿಸಬೇಕಾಗುತ್ತದೆ.

ಓದು ನಿಲ್ಲುವುದು, ಮತ್ತೆ ಹಿಡಿಯುವುದು

ಓದು ನಿಲ್ಲಲು ಮದುವೆ, ಮನೆಯ ದುಡಿಮೆ ಮತ್ತು ಬೇಗ ಸಿಕ್ಕ ನೌಕರಿ ಮುಖ್ಯ ಕಾರಣಗಳು. ಇಳಕಲ್‌ನಲ್ಲಿ ಮಗ್ಗವಿರುವ ಮನೆಯ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಒಬ್ಬರು ಕುಣಿಮಗ್ಗದಲ್ಲಿ ಕುಳಿತರೆ ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವುದು, ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಜೋಡಿಸುವುದು ಮನೆಯ ಉಳಿದವರ ಪಾಲಿಗೆ ಬರುತ್ತದೆ. ಕೂಲಿ ಸೀರೆಯ ಲೆಕ್ಕದಲ್ಲಿರುವುದರಿಂದ ತರಗತಿಗೆ ಹೋದ ದಿನ ಸಂಪಾದನೆಯಿಲ್ಲದ ದಿನವಾಗುತ್ತದೆ. ಬಾದಾಮಿ ತಾಲ್ಲೂಕಿನ ಮಸಾರಿ ಭೂಮಿಯಲ್ಲಿ ಮುಂಗಾರಿ ಬಿತ್ತನೆ, ಹುನಗುಂದದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆ ಮತ್ತು ಕೊಯಿಲು ಇದೇ ರೀತಿ ಮನೆಯವರೆಲ್ಲರ ಕೈಯನ್ನೂ ಬಯಸುತ್ತವೆ.

ಬೇಗ ಸಿಕ್ಕ ನೌಕರಿಯಿಂದ ಓದು ನಿಂತದ್ದಕ್ಕೆ ಉತ್ತಮ ನಿದರ್ಶನ ಪ್ರಾಥಮಿಕ ಶಾಲಾ ಶಿಕ್ಷಕರದು. ಪಿಯುಸಿ ನಂತರ ಎರಡು ವರ್ಷದ ಟಿ.ಸಿ.ಎಚ್. ಮುಗಿಸಿ ಇಪ್ಪತ್ತರ ಆಸುಪಾಸಿನಲ್ಲಿಯೇ ಸರ್ಕಾರಿ ಶಾಲೆಗೆ ಸೇರಿದ ಒಂದು ತಲೆಮಾರು ಈ ಭಾಗದಲ್ಲಿ ದೊಡ್ಡದು. ಪ್ರೌಢಶಾಲೆಗೆ ಬಡ್ತಿ ಬೇಕಾದರೆ ಪದವಿ ಮತ್ತು ಬಿ.ಇಡಿ. ಬೇಕು. ಆರರಿಂದ ಎಂಟನೆಯ ತರಗತಿಗೆ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ ಪ್ರತ್ಯೇಕ ವೃಂದ ರಚನೆಯಾದ ಮೇಲೆ, ಸೇವೆಯಲ್ಲಿದ್ದುಕೊಂಡೇ ಪದವಿ ಪಡೆದವರನ್ನು ಆ ವೃಂದಕ್ಕೆ ಪರಿಗಣಿಸಬೇಕೆಂಬ ಬೇಡಿಕೆ ರಾಜ್ಯದಾದ್ಯಂತ ಶಿಕ್ಷಕರಿಂದ ಬಂದಿತು. ಪದವಿ ಪಡೆದರೆ ಸಾಕು, ಬಡ್ತಿ ತಾನಾಗಿ ಬರುತ್ತದೆ ಎಂಬುದು ಸರಿಯಲ್ಲ ಎಂಬುದಕ್ಕೆ ಇದು ಸಾಕ್ಷಿ. ಸರ್ಕಾರಿ ನೌಕರರು ಕೋರ್ಸಿಗೆ ಸೇರುವ ಮೊದಲು ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯುವುದು ಅವಶ್ಯ. ಅನುಮತಿಯಿಲ್ಲದೆ ಪಡೆದ ಪದವಿಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಿಕೊಳ್ಳುವಾಗ ತೊಂದರೆ ಎದುರಾಗಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಯಿಂದ ನಿಂತ ಓದು ಮುಂದುವರಿಯುವುದು ಸಾಮಾನ್ಯವಾಗಿ ಕೊನೆಯ ಮಗು ಶಾಲೆಗೆ ಸೇರಿದ ಮೇಲೆ. ತಾಯಿ ಮತ್ತು ಮಗಳು ಒಂದೇ ವರ್ಷ ಪದವಿ ಪರೀಕ್ಷೆಗೆ ಕುಳಿತರೆ ಪತ್ರಿಕೆಗಳು ಅದನ್ನು ಕೌತುಕದ ಸುದ್ದಿಯಾಗಿ ಬರೆಯುತ್ತವೆ. ಆದರೆ ಆ ತಾಯಿ ಇಪ್ಪತ್ತು ವರ್ಷ ಏಕೆ ಕಾಯಬೇಕಾಯಿತು ಎಂಬುದು ಆ ಸುದ್ದಿಗಳಲ್ಲಿ ವಿರಳ.

ವಯಸ್ಸಿನ ನಿಯಮ

ಕಲಾ, ವಾಣಿಜ್ಯ ಮತ್ತು ವಿಜ್ಞಾನ ಪದವಿಗಳಿಗಾಗಲಿ ಎಂ.ಎ., ಎಂ.ಕಾಂ. ಮುಂತಾದ ಸ್ನಾತಕೋತ್ತರ ಪದವಿಗಳಿಗಾಗಲಿ ಸಾಮಾನ್ಯವಾಗಿ ಗರಿಷ್ಠ ವಯೋಮಿತಿ ಇಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರ ಮಾರ್ಚ್‌ನಲ್ಲಿ ಕೈಬಿಡಲಾಯಿತು. ಕಾನೂನು ಪದವಿಯ ಇತಿಹಾಸ ಸ್ವಲ್ಪ ಜಟಿಲ. ಭಾರತೀಯ ವಕೀಲರ ಪರಿಷತ್ತು ಐದು ವರ್ಷದ ಕೋರ್ಸಿಗೆ 20 ಮತ್ತು ಮೂರು ವರ್ಷದ ಕೋರ್ಸಿಗೆ 30 ವರ್ಷಗಳ ಮಿತಿಯನ್ನು ಹೇರಲು ಯತ್ನಿಸಿತು. 2016ರ ಸುತ್ತೋಲೆಯ ಮೂಲಕ ಮತ್ತೆ ಜಾರಿಗೆ ಬಂದ ಈ ಮಿತಿಗೆ ಸರ್ವೋಚ್ಚ ನ್ಯಾಯಾಲಯವು 2017ರ ಮಾರ್ಚ್‌ನಲ್ಲಿ ತಡೆ ನೀಡಿತು. ನೌಕರಿಯಲ್ಲಿದ್ದು ಕಾನೂನು ಓದಬಯಸುವವರಿಗೆ ಇದು ಮಹತ್ವದ ಬೆಳವಣಿಗೆ. ಬಾಗಲಕೋಟೆಯ ಎಸ್.ಸಿ. ನಂದಿಮಠ ಕಾನೂನು ಕಾಲೇಜಿನಂಥ ಸಂಸ್ಥೆ ಊರಿನಲ್ಲಿಯೇ ಇರುವಾಗ ಕಾನೂನು ಪದವಿ ಹಿರಿಯರನ್ನು ಸೆಳೆಯುವುದು ಸಹಜ. ಆದರೆ ಕಾನೂನನ್ನು ದೂರಶಿಕ್ಷಣದಲ್ಲಿ ಓದಿ ವಕೀಲರಾಗಲು ಬರುವುದಿಲ್ಲ. ನಿಯಮಿತ ತರಗತಿ ಮತ್ತು ಶೇ. 70ರ ಹಾಜರಾತಿ ಕಡ್ಡಾಯ.

ವಯೋಮಿತಿ ಇರುವುದು ಓದಿಗಿಂತ ಹೆಚ್ಚಾಗಿ ಓದಿನ ನಂತರದ ಅವಕಾಶಗಳಿಗೆ. ಯುಜಿಸಿ-ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ಪಿಗೆ ವಯೋಮಿತಿ ಇದೆ, ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಇಲ್ಲ. ರಾಜ್ಯ ಸರ್ಕಾರದ ನೇರ ನೇಮಕಾತಿಗಳಿಗೆ ವರ್ಗವಾರು ವಯೋಮಿತಿ ಇರುತ್ತದೆ. ಆದುದರಿಂದ ನಲವತ್ತೈದರಲ್ಲಿ ಪದವಿ ಪಡೆಯುವವರಿಗೆ ಅದು ಹೊಸ ಸರ್ಕಾರಿ ನೌಕರಿಯ ದಾರಿಯಾಗುವ ಸಾಧ್ಯತೆ ಕಡಿಮೆ. ಇರುವ ಕೆಲಸದಲ್ಲಿ ಬಡ್ತಿ, ಖಾಸಗಿ ಶಾಲೆಯ ಬೋಧನೆ, ಸ್ವಂತ ವೃತ್ತಿ ಅಥವಾ ಓದಿನ ತೃಪ್ತಿ ಅದರ ಫಲವಾಗಿರುತ್ತದೆ. ಕೊನೆಯದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಬಿಹಾರದ ನಳಂದ ಮುಕ್ತ ವಿಶ್ವವಿದ್ಯಾಲಯದಿಂದ 2017ರಲ್ಲಿ ಅರ್ಥಶಾಸ್ತ್ರದ ಎಂ.ಎ. ಪಡೆದವರೊಬ್ಬರಿಗೆ ಆಗ 97 ವರ್ಷ ದಾಟಿತ್ತು. ಬಾಗಲಕೋಟೆ ಜಿಲ್ಲೆಯವರೇ ಆದ, ಎಂಬತ್ತು ದಾಟಿದ ಹಿರಿಯರೊಬ್ಬರು ವಿಜಯಪುರದ ಕೇಂದ್ರದಲ್ಲಿ ಕುಳಿತು ಇಗ್ನೊದ ಎಂ.ಎ. ಪರೀಕ್ಷೆ ಬರೆದದ್ದು ಸಹ ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾಗಿತ್ತು.

ದೂರಶಿಕ್ಷಣ ಮತ್ತು ಮಾನ್ಯತೆಯ ಪ್ರಶ್ನೆ

ಭಾರತದಲ್ಲಿ ಅಂಚೆ ಮೂಲಕ ಪದವಿ ಶಿಕ್ಷಣವು 1962ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 1969ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಮೈಸೂರಿನ ಸಂಸ್ಥೆಯೇ ಮುಂದೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ರೂಪುಗೊಂಡಿತು. ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ ಎಂಬುದು ಅದರ ಧ್ಯೇಯವಾಕ್ಯ. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ, 1985ರಲ್ಲಿ ಸ್ಥಾಪನೆಯಾಯಿತು. ವಿಜಯಪುರದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ.

ಈ ಎರಡರ ನಡುವಿನ ಆಯ್ಕೆ ಹಲವರಿಗೆ ಭಾಷೆಯ ಆಯ್ಕೆ. ಮುಕ್ತ ವಿಶ್ವವಿದ್ಯಾಲಯದಲ್ಲಿ ಕಲಾ ಮತ್ತು ವಾಣಿಜ್ಯ ವಿಷಯಗಳನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲಿಯೇ ಉತ್ತರಿಸಬಹುದು. ಇಗ್ನೊದ ಪಠ್ಯಸಾಮಗ್ರಿ ಬಹುಪಾಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಇಪ್ಪತ್ತು ವರ್ಷ ಪುಸ್ತಕ ಮುಟ್ಟದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಇನ್ನೊಂದೆಡೆ, ಇಗ್ನೊದ ಕಾಲಾವಕಾಶ ಉದಾರವಾದುದು. ಮೂರು ವರ್ಷದ ಬಿ.ಎ. ಪದವಿಯನ್ನು ಆರು ವರ್ಷಗಳಲ್ಲಿ, ಎರಡು ವರ್ಷದ ಎಂ.ಎ. ಪದವಿಯನ್ನು ನಾಲ್ಕು ವರ್ಷಗಳಲ್ಲಿ ಮುಗಿಸಬಹುದು. ಜೂನ್ ಮತ್ತು ಡಿಸೆಂಬರ್ ಎರಡೂ ಅವಧಿಗಳಲ್ಲಿ ಪರೀಕ್ಷೆಗಳು ನಡೆಯುತ್ತವೆ. ಜೂನ್ ತಿಂಗಳು ಮಸಾರಿ ಭೂಮಿಯವರಿಗೆ ಬಿತ್ತನೆಯ ಕಾಲ, ಶಿಕ್ಷಕರಿಗೆ ಶಾಲೆ ಆರಂಭದ ಕಾಲ. ಅಂಥವರಿಗೆ ಡಿಸೆಂಬರ್ ಅನುಕೂಲಕರ.

ಪ್ರವೇಶಕ್ಕೆ ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ ಬೇಕು. ಎಸ್.ಎಸ್.ಎಲ್.ಸಿ.ಗೇ ಓದು ನಿಂತವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ, ಅಥವಾ ಕಲಾ ಇಲ್ಲವೆ ವಾಣಿಜ್ಯ ವಿಭಾಗದಲ್ಲಿ ಖಾಸಗಿ ಅಭ್ಯರ್ಥಿಯಾಗಿ ದ್ವಿತೀಯ ಪಿಯುಸಿ ಬರೆದು ಈ ಮೆಟ್ಟಿಲನ್ನು ದಾಟಬಹುದು. ಹಿಂದೆ ಕೆಲವು ವಿಶ್ವವಿದ್ಯಾಲಯಗಳು ಮೊದಲ ಪದವಿಯೇ ಇಲ್ಲದವರಿಗೂ ಮುಕ್ತ ಪದ್ಧತಿಯಲ್ಲಿ ನೇರವಾಗಿ ಎಂ.ಎ. ನೀಡುತ್ತಿದ್ದವು. ಇಂಥ ಪದವಿಗೆ ಮೂಲ ಪದವಿ ಪಡೆದ ನಂತರದ ಸ್ನಾತಕೋತ್ತರ ಪದವಿಯ ಸ್ಥಾನವಿಲ್ಲವೆಂದು ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪು ನೀಡಿತು. ಒಮ್ಮೆಲೇ ಮೇಲೆ ಹತ್ತಿಸುವ ಭರವಸೆ ನೀಡುವ ಪ್ರವೇಶ ಕೇಂದ್ರಗಳ ಜಾಹೀರಾತು ಈಗಲೂ ಬಸ್ ನಿಲ್ದಾಣಗಳ ಗೋಡೆಯ ಮೇಲೆ ಕಾಣಸಿಗುವುದರಿಂದ ಈ ತೀರ್ಪು ನೆನಪಿನಲ್ಲಿರಬೇಕು.

ಮಾನ್ಯತೆಯ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು ರಾಜ್ಯದ ವಿದ್ಯಾರ್ಥಿಗಳು 2015ರಲ್ಲಿ ಕಂಡರು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ತನ್ನ ಭೌಗೋಳಿಕ ವ್ಯಾಪ್ತಿಯ ಹೊರಗೆ ಖಾಸಗಿ ಸಂಸ್ಥೆಗಳ ಸಹಭಾಗಿತ್ವದಲ್ಲಿ ಕೋರ್ಸುಗಳನ್ನು ನಡೆಸಿದ್ದನ್ನು ಆಕ್ಷೇಪಿಸಿದ ವಿಶ್ವವಿದ್ಯಾಲಯ ಧನಸಹಾಯ ಆಯೋಗವು, 2012–13ರ ನಂತರದ ಅವಧಿಗೆ ಅದಕ್ಕೆ ಮಾನ್ಯತೆ ಇಲ್ಲವೆಂದು ಆ ವರ್ಷದ ಜೂನ್‌ನಲ್ಲಿ ಪ್ರಕಟಿಸಿತು. 2018ರ ಆಗಸ್ಟ್‌ನಲ್ಲಿ, 2018–19ರಿಂದ ಅನ್ವಯವಾಗುವಂತೆ, ಆಯ್ದ ಕೋರ್ಸುಗಳಿಗೆ ಮತ್ತೆ ಮಾನ್ಯತೆ ದೊರೆಯಿತು. ನಡುವಿನ ವರ್ಷಗಳಲ್ಲಿ ಸೇರಿದ್ದವರ ಪದವಿಯ ಸ್ಥಾನಮಾನ ಬಹುಕಾಲ ಇತ್ಯರ್ಥವಾಗದೆ ಉಳಿಯಿತು. ಆಕ್ಷೇಪವಿದ್ದದ್ದು ಮುಖ್ಯವಾಗಿ ಹೊರರಾಜ್ಯದ ಕೇಂದ್ರಗಳ ಬಗ್ಗೆ. ಪೆಟ್ಟು ಬಿದ್ದದ್ದು ಹಳ್ಳಿಯ ಶಾಲೆಯಲ್ಲಿ ಪಾಠ ಮಾಡಿ ರಾತ್ರಿ ಕನ್ನಡ ಪುಸ್ತಕ ಓದುತ್ತಿದ್ದವರಿಗೂ. ಇಪ್ಪತ್ತರ ವಿದ್ಯಾರ್ಥಿಗೆ ಮೂರು ವರ್ಷ ಹೋದರೆ ಮತ್ತೊಂದು ಕೋರ್ಸು ಹಿಡಿಯಲು ಸಮಯವಿರುತ್ತದೆ. ನಲವತ್ತೆಂಟರಲ್ಲಿ ಬಡ್ತಿಗೆಂದು ಓದಿದವರಿಗೆ ಆ ಮೂರು ವರ್ಷ ಹಿಂತಿರುಗಿ ಬರುವಂಥದ್ದಲ್ಲ.

ದೂರಶಿಕ್ಷಣದ ಮೇಲ್ವಿಚಾರಣೆ ಮೊದಲು ಇಗ್ನೊದ ಅಧೀನದಲ್ಲಿದ್ದ ಪರಿಷತ್ತಿನ ಕೈಯಲ್ಲಿತ್ತು. 2013ರಿಂದ ಅದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ದೂರಶಿಕ್ಷಣ ವಿಭಾಗಕ್ಕೆ ಸೇರಿದೆ. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಯಾವ ಶೈಕ್ಷಣಿಕ ವರ್ಷಕ್ಕೆ ಮಾನ್ಯತೆ ಇದೆ ಎಂಬ ಪಟ್ಟಿಯನ್ನು ಆಯೋಗವು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಮಾನ್ಯತೆ ವಿಶ್ವವಿದ್ಯಾಲಯಕ್ಕಲ್ಲದೆ ಕೋರ್ಸಿಗೂ ವರ್ಷಕ್ಕೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು, ಶುಶ್ರೂಷೆ ಮುಂತಾದವುಗಳ ಪದವಿಯನ್ನು ದೂರಶಿಕ್ಷಣದಲ್ಲಿ ನೀಡುವಂತಿಲ್ಲ. ಬಿ.ಇಡಿ. ಪದವಿಗೆ ಷರತ್ತುಬದ್ಧ ಅವಕಾಶವಿದೆ. ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿಯು ನಿಯಮಿತ ಪದವಿಗೆ ಸಮಾನವೆಂದು ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಒಂದು ನಿಯಮಿತ ಕೋರ್ಸಿನ ಜೊತೆಗೆ ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಲು ಅದೇ ವರ್ಷದ ಏಪ್ರಿಲ್‌ನಲ್ಲಿ ಅನುಮತಿ ನೀಡಿತ್ತು.

ಹೆಸರು ಮತ್ತು ದಾಖಲೆಗಳು

ಮರಳಿ ಸೇರುವವರ ಉತ್ಸಾಹ ಮೊದಲು ಕುಗ್ಗುವುದು ಪ್ರವೇಶದ ಅರ್ಜಿ ತುಂಬುವಾಗ. ಉತ್ತರ ಕರ್ನಾಟಕದಲ್ಲಿ ಹೆಸರಿನ ಜೊತೆ ತಂದೆಯ ಹೆಸರು ಮತ್ತು ಅಡ್ಡಹೆಸರು ಸೇರುವ ರೂಢಿ ಇದೆ. ಮದುವೆಯಾದ ಹೆಣ್ಣುಮಗಳಿಗೆ ತಂದೆಯ ಹೆಸರಿನ ಸ್ಥಾನದಲ್ಲಿ ಗಂಡನ ಹೆಸರು, ತವರಿನ ಅಡ್ಡಹೆಸರಿನ ಸ್ಥಾನದಲ್ಲಿ ಗಂಡನ ಮನೆಯ ಅಡ್ಡಹೆಸರು ಬರುತ್ತದೆ. ಕೆಲವು ಕುಟುಂಬಗಳಲ್ಲಿ ಸ್ವಂತ ಹೆಸರೂ ಬದಲಾಗುತ್ತದೆ. ಹೀಗಾಗಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ವ್ಯಕ್ತಿ ಮತ್ತು ಆಧಾರ್ ಚೀಟಿಯಲ್ಲಿರುವ ವ್ಯಕ್ತಿ ಒಬ್ಬರೇ ಎಂಬುದನ್ನು ಮೂರು ಪದಗಳಲ್ಲಿ ಒಂದೂ ಹೊಂದದ ಸ್ಥಿತಿಯಲ್ಲಿ ಸಾಬೀತುಪಡಿಸಬೇಕಾಗುತ್ತದೆ. ಇನಿಶಿಯಲ್ ಮಾತ್ರ ಬಳಸುವ ದಕ್ಷಿಣದ ಜಿಲ್ಲೆಗಳಲ್ಲಿ ಈ ತೊಡಕು ಇಷ್ಟು ತೀವ್ರವಲ್ಲ.

ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಎಸ್.ಎಸ್.ಎಲ್.ಸಿ. ದಾಖಲೆಯ ಹೆಸರನ್ನೇ ಆಧಾರವಾಗಿ ಸ್ವೀಕರಿಸುತ್ತವೆ. ಪ್ರವೇಶ ಕಾಗದದ ಮೇಲೆ ನಡೆಯುತ್ತಿದ್ದಾಗ ಮದುವೆಯ ಪ್ರಮಾಣಪತ್ರ ಮತ್ತು ಒಂದು ಅಫಿಡವಿಟ್ ಸಾಕಾಗುತ್ತಿತ್ತು. 2021ರಿಂದ ರಾಜ್ಯದ ಪದವಿ ಪ್ರವೇಶ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ಗಣಕ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ಅದರೊಂದಿಗೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯೂ, 2024ರಿಂದ ದೂರಶಿಕ್ಷಣಕ್ಕೆ ಡಿ.ಇ.ಬಿ. ಗುರುತಿನ ಸಂಖ್ಯೆಯೂ ಬೇಕಾಗಿವೆ. ಇವುಗಳಿಗೆಲ್ಲ ಆಧಾರ್ ಬುಡ. ಆಧಾರಿನ ಹೆಸರು, ಜನ್ಮದಿನಾಂಕ ಮತ್ತು ಮೊಬೈಲ್ ಸಂಖ್ಯೆಯನ್ನು ಮೊದಲೇ ಸರಿಪಡಿಸಿಕೊಂಡವರಿಗೆ ಮುಂದಿನದು ಸುಲಭ. ಅರ್ಜಿಯ ಕೊನೆಯ ವಾರದಲ್ಲಿ ಇದಕ್ಕೆ ಕೈಹಾಕಿದವರು ಒಂದು ವರ್ಷ ಕಳೆದುಕೊಳ್ಳುವುದುಂಟು. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದ ಜನ್ಮದಿನಾಂಕಗಳೂ ಈ ಹಂತದಲ್ಲಿ ಎದ್ದುಬರುತ್ತವೆ.

ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯದಿಂದ ಬರುವವರಿಗೆ ವಲಸೆ ಪ್ರಮಾಣಪತ್ರ, ಓದು ನಿಂತ ವರ್ಷಗಳ ವಿವರ ನೀಡುವ ಪ್ರಮಾಣೀಕೃತ ಹೇಳಿಕೆ ಇವು ಉಳಿದ ದಾಖಲೆಗಳು. ಕಳೆದುಹೋದ ಅಂಕಪಟ್ಟಿಯ ನಕಲು ಪ್ರತಿಯನ್ನು ನೀಡುವವರು ಆಯಾ ಮಂಡಳಿ ಅಥವಾ ಅಂಕಪಟ್ಟಿ ನೀಡಿದ ವಿಶ್ವವಿದ್ಯಾಲಯದವರು ಮಾತ್ರ. 2010ಕ್ಕೆ ಮುಂಚಿನ ಪದವಿಯಾಗಿದ್ದರೆ ಬೆಳಗಾವಿಗಾಗಲಿ ಜಮಖಂಡಿಗಾಗಲಿ ಹೋಗಿ ಪ್ರಯೋಜನವಿಲ್ಲ, ಧಾರವಾಡಕ್ಕೇ ಅರ್ಜಿ ಹಾಕಬೇಕು.

ನಿಯಮಿತ ತರಗತಿ

ನಿಯಮಿತ ಕಾಲೇಜಿಗೆ ಸೇರುವ ಹಿರಿಯರ ಮುಖ್ಯ ತೊಡಕು ಶೇ. 75ರ ಹಾಜರಾತಿ. ಸಂಜೆ ಕಾಲೇಜುಗಳು ಬೆಂಗಳೂರಿನಂಥ ನಗರಗಳಲ್ಲಿ ನೌಕರರ ಓದಿಗೆ ದಾರಿಯಾದಂತೆ ಇಂಥ ಪಟ್ಟಣಗಳಲ್ಲಿ ಬೆಳೆಯಲಿಲ್ಲ. ಅಧ್ಯಾಪಕರು ಕಣ್ಣುಮುಚ್ಚಿಕೊಂಡು ಹಾಜರಿ ನೀಡುವುದು ಅಲ್ಲಲ್ಲಿ ಇರಬಹುದಾದರೂ, ಅದರ ಮೇಲೆ ಭರವಸೆಯಿಟ್ಟು ಸೇರುವುದು ವಿವೇಕವಲ್ಲ.

ಸಾರಿಗೆಯ ವಿಷಯದಲ್ಲಿ ನಾಲ್ಕೂ ಪಟ್ಟಣಗಳ ಸ್ಥಿತಿ ಒಂದೇ ಅಲ್ಲ. ಬಾದಾಮಿ ಮತ್ತು ಬಾಗಲಕೋಟೆಗಳು ಗದಗ–ಹೋಟಗಿ ರೈಲು ಮಾರ್ಗದಲ್ಲಿವೆ. ಬಾದಾಮಿಯಿಂದ ವಿಜಯಪುರಕ್ಕೆ ನೇರ ರೈಲಿನಲ್ಲಿ ಹೋಗಬಹುದು. ಹುನಗುಂದ ಮತ್ತು ಇಳಕಲ್‌ಗೆ ರೈಲು ಇಲ್ಲ. ಇವೆರಡೂ ವಿಜಯಪುರ–ಹೊಸಪೇಟೆ ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ಇರುವುದರಿಂದ ಅಲ್ಲಿನವರಿಗೆ ಬಸ್ಸೇ ಆಧಾರ. ಮೈಸೂರು ಐದುನೂರು ಕಿಲೋಮೀಟರಿಗಿಂತ ದೂರವಿರುವುದರಿಂದ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯಲ್ಲಿ ಒಂದು ಸಹಿ ಬೇಕಾದರೂ ಎರಡು ರಾತ್ರಿಯ ಪ್ರಯಾಣ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರು ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಕಾಲೇಜಿಗೆ ಹೋಗಿಬರುವ ಖರ್ಚಿಗಾಗಿ ಮನೆಯಲ್ಲಿ ಕೈಚಾಚಬೇಕಿದ್ದ ಗೃಹಿಣಿಗೆ ಇದು ಶುಲ್ಕ ವಿನಾಯಿತಿಯಷ್ಟೇ ಬೆಲೆಯುಳ್ಳದ್ದು.

ಪದವಿಯ ಅವಧಿಯೂ ಇತ್ತೀಚೆಗೆ ಬದಲಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ 2021–22ರಿಂದ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಜಾರಿಯಾಗಿತ್ತು. 2024–25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಪ್ರತಿ ವರ್ಷವನ್ನೂ ಲೆಕ್ಕ ಹಾಕುವ ಹಿರಿಯ ವಿದ್ಯಾರ್ಥಿಗೆ ಮೂರು ವರ್ಷವೇ ಅನುಕೂಲ ಎಂಬುದರಲ್ಲಿ ಸಂದೇಹವಿಲ್ಲ.

ಓದು ಮತ್ತು ಪರೀಕ್ಷೆ

ವಯಸ್ಸಾದ ಮೇಲೆ ನೆನಪು ಉಳಿಯುವುದಿಲ್ಲ ಎಂಬ ಭಯವೇ ಹಿರಿಯ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಕಂಠಪಾಠದ ವೇಗ ಕುಗ್ಗುವುದು ನಿಜ. ಆದರೆ ಹೊಸ ವಿಷಯವನ್ನು ತಿಳಿದ ವಿಷಯದೊಂದಿಗೆ ಜೋಡಿಸಿಕೊಂಡು ಅರ್ಥಮಾಡಿಕೊಳ್ಳುವ ಶಕ್ತಿ ಅನುಭವಿಗಳಿಗೆ ಹೆಚ್ಚು. ಸ್ತ್ರೀಶಕ್ತಿ ಗುಂಪಿನ ಲೆಕ್ಕ ಬರೆದವರಿಗೆ ಸಾಲ ಮತ್ತು ಬಡ್ಡಿಯ ಪಾಠ ಹೊಸದಲ್ಲ, ಗ್ರಾಮ ಪಂಚಾಯಿತಿಯ ಸದಸ್ಯರಾಗಿದ್ದವರಿಗೆ ರಾಜ್ಯಶಾಸ್ತ್ರದ ಪಂಚಾಯತ್ ರಾಜ್ ಅಧ್ಯಾಯ ಹೊಸದಲ್ಲ. ಅವರಿಗೆ ಬೇಕಾಗಿರುವುದು ತಿಳಿದದ್ದನ್ನು ಪರೀಕ್ಷೆಯ ಭಾಷೆಯಲ್ಲಿ ಬರೆಯುವ ಅಭ್ಯಾಸ.

ನಿಜವಾದ ಅಡ್ಡಿ ಕೈಬರಹ. ಮೂರು ಗಂಟೆ ಎಡೆಬಿಡದೆ ಬರೆಯುವ ರೂಢಿ ತಪ್ಪಿದವರು ಉತ್ತರ ಗೊತ್ತಿದ್ದೂ ಕೊನೆಯ ಎರಡು ಪ್ರಶ್ನೆಗಳನ್ನು ಬಿಟ್ಟುಬರುತ್ತಾರೆ. ಪರೀಕ್ಷೆಗೆ ಕೆಲವು ತಿಂಗಳು ಮುಂಚಿನಿಂದ ದಿನಕ್ಕೆ ಒಂದು ಉತ್ತರವನ್ನು ಗಡಿಯಾರ ನೋಡಿ ಬರೆಯುವುದು ಇದಕ್ಕೆ ಪರಿಹಾರ. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ಅಥವಾ ಕಾಲೇಜಿನ ಗ್ರಂಥಾಲಯದಿಂದ ಪಡೆಯಬಹುದು. ಇಗ್ನೊದಲ್ಲಿ ಹೆಚ್ಚಿನ ಕೋರ್ಸುಗಳಿಗೆ ನಿಯೋಜಿತ ಬರಹಗಳಿಗೆ ಶೇ. 30 ಅಂಕಗಳಿವೆ. ಮನೆಯಲ್ಲಿ ಕುಳಿತು ಬರೆಯುವ ಈ ಬರಹಗಳನ್ನು ನಕಲು ಮಾಡದೆ ಸ್ವತಃ ಬರೆದರೆ ಅಂಕ ಮತ್ತು ಅಭ್ಯಾಸ ಎರಡೂ ದೊರೆಯುತ್ತವೆ. ಇವು ಮಾರಾಟಕ್ಕೆ ಸಿಗುತ್ತವೆ ಎಂಬುದು ಗುಟ್ಟೇನಲ್ಲ, ಕೊಂಡು ಒಪ್ಪಿಸಿದವರು ಲಿಖಿತ ಪರೀಕ್ಷೆಯಲ್ಲಿ ಅದರ ಬೆಲೆ ತೆರುತ್ತಾರೆ.

ವಿಷಯದ ಆಯ್ಕೆಯಲ್ಲಿ ಊರಿನ ಪರಿಸರ ನೆರವಾಗಬಲ್ಲದು. ಬಾದಾಮಿಯಲ್ಲಿ ಇತಿಹಾಸದ ಎಂ.ಎ. ಓದುವವರಿಗೆ ಚಾಲುಕ್ಯರ ಗುಹಾಲಯಗಳು, ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದ್ದನ್ನು ಹೇಳುವ ಕ್ರಿ.ಶ. 543ರ ಬಂಡೆಗಲ್ಲಿನ ಶಾಸನ ಮತ್ತು ತ್ರಿಪದಿಯ ಅತಿ ಹಳೆಯ ಮಾದರಿಗಳನ್ನು ಒಳಗೊಂಡ ಕಪ್ಪೆ ಅರಭಟ್ಟನ ಶಾಸನ ನಡೆದು ತಲುಪುವಷ್ಟು ಹತ್ತಿರದಲ್ಲಿವೆ. ಪ್ರವಾಸಿಗರಿಗೆ ಇವುಗಳನ್ನು ವರ್ಷಗಟ್ಟಲೆ ವಿವರಿಸಿದ ಮಾರ್ಗದರ್ಶಿಯೊಬ್ಬರು ಇತಿಹಾಸ ಓದಲು ಹೊರಟರೆ ಅವರ ಅರ್ಧ ಓದು ಆಗಲೇ ಮುಗಿದಿರುತ್ತದೆ. ಉಳಿದರ್ಧದಲ್ಲಿ ತಾವು ಹೇಳುತ್ತ ಬಂದ ಕೆಲವು ಕಥೆಗಳನ್ನು ಕೈಬಿಡಬೇಕಾಗಿಯೂ ಬರಬಹುದು.

ಉಪನ್ಯಾಸಕರು ಮತ್ತು ಸಂಶೋಧನೆ

ಹಿರಿಯ ವಿದ್ಯಾರ್ಥಿಗಳ ಮತ್ತೊಂದು ಗುಂಪು ಕಾಲೇಜುಗಳ ಒಳಗೆಯೇ ಇದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ದೊಡ್ಡ ಭಾಗವನ್ನು ಅತಿಥಿ ಉಪನ್ಯಾಸಕರು ನಿರ್ವಹಿಸುತ್ತಾರೆ. ಕೇವಲ ಎಂ.ಎ. ಅಥವಾ ಎಂ.ಕಾಂ. ಪದವಿಯ ಮೇಲೆ ಹತ್ತು ಹದಿನೈದು ವರ್ಷ ಪಾಠ ಮಾಡಿದ ಅನೇಕರಿಗೆ ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ನೆಟ್, ರಾಜ್ಯ ಅರ್ಹತಾ ಪರೀಕ್ಷೆಯಾದ ಕೆಸೆಟ್ ಅಥವಾ ಪಿಎಚ್.ಡಿ. ಅವಶ್ಯವಾಯಿತು. ಹೀಗೆ ನಲವತ್ತು ದಾಟಿದ ಅಧ್ಯಾಪಕರು ತಮ್ಮದೇ ಹಳೆಯ ವಿದ್ಯಾರ್ಥಿಗಳ ಪಕ್ಕದ ಬೆಂಚಿನಲ್ಲಿ ಕುಳಿತು ಕೆಸೆಟ್ ಬರೆಯುವ ಸ್ಥಿತಿ ಒದಗಿತು. ಕೆಸೆಟ್‌ಗೆ ಗರಿಷ್ಠ ವಯೋಮಿತಿ ಇಲ್ಲದಿರುವುದು ಇವರಿಗೆ ಉಳಿದ ಆಸರೆ.

ಪಿಎಚ್.ಡಿ. ಕುರಿತ ಯುಜಿಸಿಯ 2022ರ ನಿಯಮಾವಳಿ ಅರೆಕಾಲಿಕ ಸಂಶೋಧನೆಗೆ ಅವಕಾಶ ನೀಡುತ್ತದೆ. ಉದ್ಯೋಗದಲ್ಲಿರುವವರು ತಮ್ಮ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರವನ್ನು ತರಬೇಕು. ಪ್ರಬಂಧ ಸಲ್ಲಿಕೆಗೆ ಗರಿಷ್ಠ ಆರು ವರ್ಷ, ಮರುನೋಂದಣಿಯ ಮೂಲಕ ಮತ್ತೆ ಎರಡು ವರ್ಷ ಅವಕಾಶವಿದೆ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ ಇದಲ್ಲದೆ ಇನ್ನೆರಡು ವರ್ಷ ಸೇರುತ್ತದೆ. ಮಹಿಳಾ ಸಂಶೋಧಕರಿಗೆ ಒಟ್ಟು 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯೂ ಉಂಟು. ಇಗ್ನೊದಲ್ಲಾಗಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಾಗಲಿ ಓದಿದ ಎಂ.ಎ., ಮಾನ್ಯತೆಯ ಅವಧಿಯಲ್ಲಿ ಪಡೆದದ್ದಾಗಿದ್ದರೆ, ಈ ಪ್ರವೇಶಕ್ಕೆ ಅರ್ಹವಾಗುತ್ತದೆ. ಪದವಿಗೆ ಸೇರುವಾಗ ಪರಿಶೀಲಿಸಬೇಕಿದ್ದ ಮಾನ್ಯತೆಯ ಪಟ್ಟಿಯನ್ನು ಹಲವರು ಮೊದಲ ಬಾರಿಗೆ ತೆರೆದು ನೋಡುವುದು ಈ ಹಂತದಲ್ಲಿ.